ಅಟ್ಟ ಇಳಿಸುವ ಮುಂಚೆ ಅತ್ತೆಯನ್ನು ಕೇಳಿ

ಪ್ರಶ್ನೆ: ಅಕ್ಕಾ, ನಮ್ಮದು ಅತ್ತೆ-ಮಾವ ಕಟ್ಟಿಸಿದ ಹಳೇ ಮನೆ. ಈಗ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಹೋಗುತ್ತಿದ್ದೇವೆ. ಅಟ್ಟದ ತುಂಬ ಹಿತ್ತಾಳೆ, ತಾಮ್ರದ ಪಾತ್ರೆ. ಎರಡು ಟ್ರಂಕು ಸೀರೆ. ಖಣಗಳಂತೂ ರಾಶಿ. ಏನು ಮುಟ್ಟಿದರೂ ಅತ್ತೆ ‘ಇರಲಿ ಬಿಡು, ಬೇಕಾಗ್ತದ’ ಅನ್ನುತ್ತಾರೆ. ಅವರು ಊರಿಗೆ ಹೋದಾಗ ಎಲ್ಲ ಸಾಗಿಸಿಬಿಡು ಎಂದು ನಮ್ಮ ಮನೆಯವರ ಸಲಹೆ. ಏನು ಮಾಡಲಿ?
– ಹೆಸರು ಬೇಡ, ಧಾರವಾಡ

ಉತ್ತರ: ನಿಮ್ಮ ಮನೆಯವರು ಹೇಳಿದ್ದೊಂದನ್ನು ಮಾತ್ರ ಮಾಡಬೇಡಿ ತಂಗಿ. ಆ ಪಾತ್ರೆಗಳು ಅತ್ತೆಯವು. ಹೋಗುವುದಿದ್ದರೂ ಅವರ ಕೈಯಿಂದಲೇ ಹೋಗಬೇಕು. ಊರಿಂದ ಬಂದು ಖಾಲಿ ಅಟ್ಟ ನೋಡಿದರೆ ಆಮೇಲೆ ಹೊಸ ಮನೆಯಲ್ಲಿ ಒಂದು ಚಮಚವನ್ನೂ ಬಿಟ್ಟುಕೊಡುವುದಿಲ್ಲ. ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಅವರ ಕಾಲದಲ್ಲಿ ಮದುವೆ, ಕುಬಸ, ತೊಟ್ಟಿಲು ಎಲ್ಲ ಮನೆಯಲ್ಲೇ ಆಗುತ್ತಿದ್ದವು. ದೊಡ್ಡ ಪಾತ್ರೆ ಇಲ್ಲದಿದ್ದರೆ ಓಣಿಯಲ್ಲಿ ಕೇಳಿಕೊಂಡು ಹೋಗಬೇಕಿತ್ತು. ಈಗ ಅಡುಗೆಯವರೇ ಪಾತ್ರೆ ತರುತ್ತಾರೆ ಎನ್ನುವುದು ಅತ್ತೆಗೂ ಗೊತ್ತು. ಆದರೂ ‘ತೂಕಕ್ಕೆ ಹಾಕೋಣ’ ಎಂದ ಕೂಡಲೇ ಅವರ ಕರುಳು ಚುರ್ ಅನ್ನುತ್ತದೆ. ಒಂದು ಕೊಡ ತಗೊಂಡು ಅದರ ಕಂಠದ ಹತ್ತಿರ ನೋಡಿ. ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ. ಅವರ ಅಪ್ಪನದೋ, ಸೋದರಮಾವನದೋ ಇರಬಹುದು. ಆ ಹೆಸರು ಗುಜರಿಯ ತಕ್ಕಡಿ ಏರಿದರೆ ಯಾರಿಗೆ ತಾನೇ ಸಂಕಟ ಆಗುವುದಿಲ್ಲ?

ಹಾಗಾಗಿ ‘ಯಾವುದು ಬೇಡ’ ಅಂತ ಕೇಳಲೇಬೇಡಿ. ‘ಇದನ್ನ ಯಾರಿಗೆ ಕೊಡೋಣ ಅತ್ತಿ?’ ಅಂತ ಕೇಳಿ. ದಿನಕ್ಕೆ ನಾಲ್ಕು ಪಾತ್ರೆ ಸಾಕು. ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಅವರ ಮುಂದೆ ಇಡಿ. ಅವರು ಕತೆ ಹೇಳುತ್ತಾರೆ, ಕೂತು ಕೇಳಿ. ಹೆಸರು ಅವರ ಬಾಯಿಂದಲೇ ಬರುತ್ತದೆ: ಹಂಡೆ ಮಗಳಿಗೆ, ಗಂಗಾಳ ಮೊಮ್ಮಗಳಿಗೆ, ದೊಡ್ಡ ಕೊಳಗ ಗುಡಿಗೆ. ಕಳಿಸುವ ಮುಂಚೆ ಅವರಿಗೆಲ್ಲ ಬೇಕಾ ಎಂದು ಫೋನ್ ಮಾಡಿ. ನಮ್ಮ ಅಟ್ಟದಿಂದ ಇಳಿದದ್ದು ಇನ್ನೊಬ್ಬರ ಅಟ್ಟ ಏರಬಾರದು ನೋಡಿ.

ನಿಮ್ಮ ಜೊತೆ ಬರುವ ಪಾತ್ರೆ ಒಲೆ ಮೇಲೆ ಬರಲಿ, ಷೋಕೇಸಿಗಲ್ಲ. ಹಿತ್ತಾಳೆಯದರಲ್ಲಿ ಸಾರು ಮಾಡುವುದಾದರೆ ಒಳಗೆ ಕಲಾಯಿ ಹಾಕಿಸಲೇಬೇಕು. ಕಲಾಯಿ ಇಲ್ಲದಿದ್ದರೆ ಹುಣಸೆಹುಳಿ, ಮಜ್ಜಿಗೆ ಲೋಹವನ್ನು ತಿಂದು ಅಡುಗೆಗೆ ಇಳಿಸುತ್ತವೆ.

ಇನ್ನು ಸೀರೆ. ನೂಲಿನ ಸೀರೆಗಳನ್ನು ಯಾರಿಗೂ ಕೊಡಬೇಡಿ, ಕೌದಿ ಹೊಲಿಸಿ. ನಾನು ಗದಗಿನ ಕಡೆಯವಳು. ನಮ್ಮಲ್ಲಿ ಸೀರೆ ಹಳತಾಯಿತೆಂದರೆ ಅದು ಕೌದಿಗೆ ಅಂತಲೇ ಲೆಕ್ಕ. ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೂ ಸಣ್ಣ ಹೊಲಿಗೆ ಹಾಕುತ್ತಾರೆ. ಒಗೆದಷ್ಟೂ ಮೆತ್ತಗಾಗುತ್ತದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಬಣ್ಣಗಳನ್ನಂತೂ ನೋಡಬೇಕು! ಪಾಲಿಯೆಸ್ಟರ್ ಸೀರೆ ಮಾತ್ರ ಕೌದಿಗೆ ಸೇರಿಸಬೇಡಿ. ಜಾರುತ್ತದೆ, ಬೆವರು ಹೀರುವುದಿಲ್ಲ. ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಚಿದ ಕಡೆಯೇ ಸೀಳುತ್ತವೆ. ನುಸಿಗುಳಿಗೆ ಜರಿಗೆ ತಾಗದಂತೆ ನೋಡಿಕೊಳ್ಳಿ, ಜರಿ ಕಪ್ಪಾಗುತ್ತದೆ.

ಖಣದ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಬೇಜಾರು. ಅವರು ಉಡಿ ತುಂಬಿದ್ದನ್ನು ನಾವು ಇವರಿಗೆ, ಇವರು ಮತ್ತೊಬ್ಬರಿಗೆ. ಒಂದೇ ಖಣ ಹತ್ತು ಮನೆ ಸುತ್ತಿದರೂ ಯಾರ ಮೈಮೇಲೂ ಕುಪ್ಪಸ ಆಗುವುದಿಲ್ಲ. ಹೊಲಿಸಲು ಬಾರದ ಬಟ್ಟೆ ಕೊಡುವುದು ಮರ್ಯಾದೆ ಅಂತ ನನಗೆ ಅನ್ನಿಸುವುದಿಲ್ಲ. ರಾಶಿಯಲ್ಲಿ ಗುಳೇದಗುಡ್ಡದ ಖಣ ಇದ್ದರೆ ಮೊದಲು ಬೇರೆ ಮಾಡಿ. ಅವು ಮಗ್ಗದಲ್ಲಿ ನೇಯ್ದವು. ನೀವು, ಅತ್ತೆ ಇಬ್ಬರೂ ಕುಪ್ಪಸ ಹೊಲಿಸಿಕೊಳ್ಳಿ. ಉಳಿದವು ಚೀಲಕ್ಕೆ, ದಿಂಬಿನ ಗವಸಿನ ಅಸ್ತರಿಗೆ ಆಗುತ್ತವೆ. ಮುಂದೆ ನಿಮ್ಮ ಮನೆಯಿಂದ ಉಡಿ ತುಂಬುವಾಗ ಅಕ್ಕಿ, ಕಾಯಿ, ಉತ್ತತ್ತಿ ಜೊತೆ ಹೊಲಿಸುವಂಥ ಖಣ ಇದ್ದರೆ ಇಡಿ. ಇಲ್ಲದಿದ್ದರೆ ಎರಡು ಹಣ್ಣು ಜಾಸ್ತಿ ಇಡಿ. ಇದನ್ನೂ ಅತ್ತೆ ಜೊತೆ ಕೂತೇ ತೀರ್ಮಾನಿಸಿ. ಹೊಸ ಮನೆಗೆ ಏನು ಬರಬೇಕು ಎನ್ನುವುದರಲ್ಲೂ ಅವರ ಮಾತು ನಡೆಯುತ್ತದೆ ಎಂದು ಗೊತ್ತಾದರೆ ಹಳೆಯದರ ಮೇಲಿನ ಹಿಡಿತ ತಾನಾಗಿಯೇ ಸಡಿಲವಾಗುತ್ತದೆ.

ಪ್ರಶ್ನೆ: ತೀರಿಕೊಂಡ ಅಪ್ಪನ ಬೀರುವಿನಲ್ಲಿ ಕಾಗದಗಳ ಕಟ್ಟುಗಳಿವೆ. ಎಲ್ಲವನ್ನೂ ರದ್ದಿಗೆ ಹಾಕಬಹುದಾ?
– ಓದುಗ, ಮೈಸೂರು

ಉತ್ತರ: ಒಂದೊಂದೇ ಹಾಳೆ ನೋಡದೆ ಹಾಕಬೇಡಿ. ಕ್ರಯಪತ್ರ, ವಿಭಾಗಪತ್ರ, ಪಹಣಿ, ಕಂದಾಯದ ರಸೀದಿ, ಪಿಂಚಣಿ ಕಾಗದ ಎಷ್ಟೇ ಹಳತಾದರೂ ಇರಲಿ. ಹಳೇ ಪಾಸ್‌ಬುಕ್ಕು, ಷೇರು ಪತ್ರ ಸಿಕ್ಕರೆ ಎತ್ತಿಡಿ. 10 ವರ್ಷ ವಹಿವಾಟು ನಡೆಯದ ಬ್ಯಾಂಕ್ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ವಾರಸುದಾರರ ಹಕ್ಕು ಹೋಗುವುದಿಲ್ಲ. ಅಂಥ ಖಾತೆ ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆದಿದೆ. ಅಲ್ಲಿ ಅಪ್ಪನ ಹೆಸರು ಹಾಕಿ ನೋಡಿ. ಸಿಕ್ಕರೆ ಮರಣ ಪ್ರಮಾಣಪತ್ರ ತಗೊಂಡು ಆ ಬ್ಯಾಂಕಿಗೇ ಹೋಗಿ ಕೇಳಿ.

ಕರೆಂಟ್ ಬಿಲ್ಲು, ಮದುವೆ ಕರೆಯೋಲೆ, ಎಂದೋ ಕೆಟ್ಟ ಮಿಕ್ಸಿಯ ವಾರಂಟಿ ಕಾರ್ಡು ಧೈರ್ಯವಾಗಿ ಹಾಕಿ. ಅಪ್ಪನ ಕೈಬರಹದ ಖರ್ಚಿನ ಡೈರಿ ಇದ್ದರೆ ದಯವಿಟ್ಟು ಉಳಿಸಿಕೊಳ್ಳಿ. ಆಧಾರ್, ಪ್ಯಾನ್ ಜೆರಾಕ್ಸ್‌ಗಳನ್ನು ಹಾಗೇ ರದ್ದಿಯವನ ಕೈಗೆ ಕೊಡಬೇಡಿ. ಚೂರು ಚೂರು ಹರಿದು ಹಾಕಿ.