ಓದುಗರ ಪ್ರಶ್ನೆ, ನಮ್ಮ ಉತ್ತರ: ಸಭೆಯಲ್ಲಿ ತಲೆಯಾಡಿಸಿದವರು, ಹೊರಗೆ ಬಂದು ಗೊಣಗಿದವರು

ಪ್ರಶ್ನೆ: ನಮ್ಮ ಕಚೇರಿಯ ಸಭೆಯಲ್ಲಿ ಮೇಲಧಿಕಾರಿಗಳು ಒಂದು ಯೋಜನೆಯನ್ನು ಮಂಡಿಸಿದರು. ಅದು ಕೈಗೂಡುವಂಥದ್ದಲ್ಲ ಎಂದು ನನಗೆ ಖಚಿತವಾಗಿ ಅನ್ನಿಸಿತ್ತು. ಆದರೂ ಎಲ್ಲರೂ ಹೂಂಗುಟ್ಟಿದ್ದರಿಂದ ನಾನೂ ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ನೋಡಿದರೆ ಬಹುತೇಕ ಎಲ್ಲರಿಗೂ ಅದೇ ಅನುಮಾನವಿತ್ತು. ನಾನು ಅಂಜುಬುರುಕನೇ?

ಉತ್ತರ: ಅಂಜುಬುರುಕ ಎಂಬ ಹಣೆಪಟ್ಟಿಯನ್ನು ಇಷ್ಟು ಬೇಗ ಅಂಟಿಸಿಕೊಳ್ಳಬೇಡಿ. ಆ ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ತಾವು ಸುಮ್ಮನಿದ್ದದ್ದು ಮುಜುಗರದಿಂದ ಎಂಬುದು ಗೊತ್ತಿತ್ತು. ಆದರೆ ಪಕ್ಕದವರು ಸುಮ್ಮನಿದ್ದದ್ದು ಯೋಜನೆಯನ್ನು ಮೆಚ್ಚಿದ್ದರಿಂದಲೇ ಎಂದು ಎಲ್ಲರೂ ಭಾವಿಸಿದರು. ಯಾರಿಗೂ ಬೇಡವಾಗಿದ್ದ ನಿರ್ಣಯವೊಂದು ಸರ್ವಾನುಮತದಿಂದ ಅಂಗೀಕಾರವಾಗುವುದು ಹೀಗೆಯೇ.

1950ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ ಅವರು ನಡೆಸಿದ ಪ್ರಯೋಗ ಇಲ್ಲಿ ನೆನೆಯುವಂಥದ್ದು. ಒಂದು ಕಾರ್ಡಿನಲ್ಲಿ ಒಂದೇ ಗೆರೆ, ಇನ್ನೊಂದರಲ್ಲಿ ಬೇರೆ ಬೇರೆ ಉದ್ದದ ಮೂರು ಗೆರೆಗಳು; ಆ ಮೂರರಲ್ಲಿ ಯಾವುದು ಮೊದಲಿನ ಗೆರೆಯಷ್ಟೇ ಉದ್ದವಾಗಿದೆ ಎಂದು ಹೇಳಬೇಕು, ಅಷ್ಟೇ. ಒಬ್ಬರೇ ಕುಳಿತು ಉತ್ತರಿಸಿದಾಗ ತಪ್ಪು ಮಾಡುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಪ್ರಯೋಗಕಾರರ ಕಡೆಯವರಾಗಿದ್ದು, ಮೊದಲೇ ಮಾತಾಡಿಕೊಂಡಂತೆ ಒಬ್ಬರಾದ ಮೇಲೊಬ್ಬರು ಒಂದೇ ತಪ್ಪು ಉತ್ತರವನ್ನು ಹೇಳಿದಾಗ, ಬಹುತೇಕ ಕೊನೆಯಲ್ಲಿ ಬರುವ ತನ್ನ ಸರದಿಗಾಗಿ ಕಾಯುತ್ತಿದ್ದ ವ್ಯಕ್ತಿಯ ನಂಬಿಕೆ ಅಲುಗಾಡತೊಡಗುತ್ತಿತ್ತು. ನಾಲ್ವರಲ್ಲಿ ಸುಮಾರು ಮೂವರು ಒಮ್ಮೆಯಾದರೂ ಗುಂಪಿನ ತಪ್ಪಿಗೆ ದನಿಗೂಡಿಸಿದರು. ನೆನಪಿಡಿ, ಅಲ್ಲಿ ಸಂಬಳವಾಗಲಿ ಬಡ್ತಿಯಾಗಲಿ ಯಾರ ಕೈಯಲ್ಲೂ ಇರಲಿಲ್ಲ. ನಿಮ್ಮ ಸಭೆಯಲ್ಲಿ ಮೇಲಧಿಕಾರಿಯೇ ಕುಳಿತಿದ್ದರು.

ಆ ಪ್ರಯೋಗದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಅದನ್ನು ಉಲ್ಲೇಖಿಸುವವರು ಮಾತ್ರ ಕಡಿಮೆ. ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿಯಾದ ಉತ್ತರ ಹೇಳಿದರೂ ಸಾಕಾಗುತ್ತಿತ್ತು, ಗುಂಪಿಗೆ ಮಣಿದು ಮಾಡುವ ತಪ್ಪುಗಳು ಕಾಲುಭಾಗಕ್ಕೆ ಇಳಿಯುತ್ತಿದ್ದವು. ಆ ಒಬ್ಬರು ಹೇಳಿದ್ದು ಬೇರೊಂದು ತಪ್ಪು ಉತ್ತರವಾಗಿದ್ದರೂ ಒತ್ತಡ ಸಡಿಲವಾಗುತ್ತಿತ್ತು. ಉತ್ತರವನ್ನು ಬಾಯಿಬಿಟ್ಟು ಹೇಳುವ ಬದಲು ಚೀಟಿಯಲ್ಲಿ ಬರೆಯಲು ಬಿಟ್ಟಾಗಲೂ ತಪ್ಪುಗಳು ಬಹಳ ಕಡಿಮೆಯಾದವು.

ಆದ್ದರಿಂದ ಮುಂದಿನ ಸಭೆಯಲ್ಲಿ ನೀವು ಎದ್ದು ನಿಂತು ಯೋಜನೆಯನ್ನು ಖಂಡಿಸಬೇಕಾಗಿಲ್ಲ. ‘ಈ ಕೆಲಸಕ್ಕೆ ಜನ ಸಾಲುತ್ತಾರೆಯೇ ಎಂಬುದು ನನಗೆ ಸ್ಪಷ್ಟವಾಗಲಿಲ್ಲ, ದಯವಿಟ್ಟು ವಿವರಿಸುತ್ತೀರಾ ಸರ್’ ಎಂದು ಕೇಳಿ ನೋಡಿ. ಹೊರಗೆ ಗೊಣಗಿದವರಲ್ಲಿ ಇನ್ನೊಬ್ಬರು ಖಂಡಿತ ಅದಕ್ಕೆ ತಮ್ಮದನ್ನೂ ಸೇರಿಸುತ್ತಾರೆ. ಸಭೆ ನಡೆಸುವ ಸ್ಥಾನದಲ್ಲಿ ನೀವೇ ಇದ್ದರೆ, ಮೊದಲು ಎಲ್ಲರಿಂದ ಅಭಿಪ್ರಾಯವನ್ನು ಬರೆಸಿಕೊಳ್ಳಿ, ಹಿರಿಯರು ಕೊನೆಯಲ್ಲಿ ಮಾತನಾಡಲಿ.

ಪ್ರಶ್ನೆ: ನನ್ನ ಮಗ ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾನೆ. ಗೆಳೆಯರ ನಡುವೆ ಮಾತ್ರ ಅವನದೇ ಮಾತು, ಅವನದೇ ನಗು. ಇವೆರಡರಲ್ಲಿ ಯಾವುದು ಅವನ ನಿಜವಾದ ಸ್ವಭಾವ?

ಉತ್ತರ: ಎರಡೂ. ನೀವು ನಿಮ್ಮ ಅತ್ತೆಯವರ ಮುಂದೆ ಇರುವಂತೆಯೇ ಅಕ್ಕತಂಗಿಯರ ಮುಂದೆಯೂ ಇರುತ್ತೀರಾ? ಮನುಷ್ಯನ ನಡವಳಿಕೆ ಅವನ ಸ್ವಭಾವ ಮತ್ತು ಅವನಿರುವ ಸನ್ನಿವೇಶ ಇವೆರಡೂ ಸೇರಿ ಆಗುವಂಥದ್ದು ಎಂದು ಮನೋವಿಜ್ಞಾನಿ ಕರ್ಟ್ ಲೆವಿನ್ 1936ರಲ್ಲೇ ಸೂತ್ರರೂಪದಲ್ಲಿ ಹೇಳಿದ್ದರು. ಒಂದು ವಾರ ಸುಮ್ಮನೆ ಗಮನಿಸಿ: ಅವನು ಏನಾದರೂ ಹೇಳಿದಾಗ ಮನೆಯವರ ಮುಂದಿನ ಮಾತು ಪ್ರಶ್ನೆಯಾಗಿರುತ್ತದೆಯೋ, ಬುದ್ಧಿವಾದವಾಗಿರುತ್ತದೆಯೋ?

ಪ್ರಶ್ನೆ: ದಾರಿಯಲ್ಲಿ ಕುಸಿದು ಬಿದ್ದವರ ಸುತ್ತ ಹತ್ತಾರು ಜನ ನಿಂತಿದ್ದರೂ ಯಾರೂ ಮುಂದೆ ಬರುವುದಿಲ್ಲ. ಜನರಲ್ಲಿ ಕರುಣೆಯೇ ಬತ್ತಿಹೋಗಿದೆಯಲ್ಲವೇ?

ಉತ್ತರ: ಕರುಣೆಗಿಂತ ಮೊದಲು ಅಲ್ಲಿ ನಿಂತವರ ಸಂಖ್ಯೆಯನ್ನು ನೋಡಬೇಕಾಗುತ್ತದೆ. ಮನೋವಿಜ್ಞಾನಿಗಳಾದ ಬಿಬ್ ಲತಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರಶ್ನಾವಳಿ ತುಂಬುತ್ತ ಕುಳಿತವರ ಕೋಣೆಯೊಳಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಡಲಾಯಿತು. ಒಬ್ಬರೇ ಇದ್ದಾಗ ಶೇ. 75ರಷ್ಟು ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಬರೆಯುತ್ತಲೇ ಇದ್ದ ಇಬ್ಬರ ಜೊತೆ ಕೂರಿಸಿದಾಗ ಹಾಗೆ ತಿಳಿಸಿದವರು ಶೇ. 10 ಮಾತ್ರ, ಉಳಿದವರು ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ, ಹೊಗೆಯನ್ನು ಕೈಯಿಂದ ಆಚೆಗೆ ಬೀಸುತ್ತ ಪ್ರಶ್ನಾವಳಿಯನ್ನು ತುಂಬುತ್ತಲೇ ಇದ್ದರು. ತಮ್ಮ ಪ್ರಾಣಕ್ಕೇ ಅಪಾಯವಿರಬಹುದಾದ ಕಡೆ ಹೀಗಾದರೆ, ಅದನ್ನು ಕರುಣೆಯ ಕೊರತೆ ಎನ್ನಲು ಬರುವುದಿಲ್ಲ. ಇದು ತುರ್ತೇ ಅಲ್ಲವೇ ಎಂಬುದನ್ನು ಪ್ರತಿಯೊಬ್ಬರೂ ಪಕ್ಕದವರ ಮುಖದಲ್ಲಿ ಓದಲು ಹೊರಟಿದ್ದರು.

ಅವಸರವೂ ಇಷ್ಟೇ ಬಲವಾದದ್ದು. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ನಡೆಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾರಿಯಲ್ಲಿ ನರಳುತ್ತ ಕುಳಿತಿದ್ದವನಿಗೆ ನೆರವಾಗಲು ನಿಂತವರು ಆತುರವಿಲ್ಲದವರಲ್ಲಿ ಶೇ. 63, ತಡವಾಯಿತೆಂದು ಅಟ್ಟಿಸಿಕೊಂಡವರಲ್ಲಿ ಶೇ. 10. ದಾರಿಹೋಕನಿಗೆ ನೆರವಾದ ಸಮಾರಿಯದವನ ಬೈಬಲ್ ಕಥೆಯ ಬಗ್ಗೆಯೇ ಭಾಷಣ ಮಾಡಲು ಹೊರಟಿದ್ದವರೂ ಅವರಲ್ಲಿದ್ದರು ಎಂಬುದು ಈ ಅಧ್ಯಯನದ ಕಹಿ ಹಾಸ್ಯ.

ನಿರಾಶರಾಗಬೇಕಿಲ್ಲ. ಮೂರು ದೇಶಗಳ ನಗರಗಳಲ್ಲಿ ಕಣ್ಗಾವಲು ಕ್ಯಾಮೆರಾಗಳಲ್ಲಿ ದಾಖಲಾದ ಜಗಳಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದರಲ್ಲಿ, ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದರೂ ಮಧ್ಯೆ ಬಂದಿದ್ದರು. ನಿಮಗೇ ಅಂಥ ಸಂದರ್ಭ ಎದುರಾದರೆ ‘ಯಾರಾದರೂ ಫೋನ್ ಮಾಡಿ’ ಎಂದು ಕೂಗಬೇಡಿ. ‘ನೀಲಿ ಅಂಗಿ ತೊಟ್ಟಿರುವವರೇ, ನೀವು ಆಂಬುಲೆನ್ಸಿಗೆ ಫೋನ್ ಮಾಡಿ’ ಎಂದು ಒಬ್ಬರತ್ತ ಕೈತೋರಿಸಿ ಹೇಳಿ. ಗುಂಪಿನಲ್ಲಿ ಹಂಚಿಹೋಗಿದ್ದ ಹೊಣೆ ಒಬ್ಬರ ಹೆಗಲಿಗೆ ಬಂತೆಂದರೆ ಕೆಲಸ ಬೇಗ ಆಗುತ್ತದೆ.

ಪ್ರಶ್ನೆ: ಎಲ್ಲವೂ ಸನ್ನಿವೇಶದ ಆಟವಾದರೆ, ತಪ್ಪು ಮಾಡಿದವರನ್ನೆಲ್ಲ ಕ್ಷಮಿಸಿಬಿಡಬೇಕೇ?

ಉತ್ತರ: ಬೇಡ. ಕಾರಣವನ್ನು ತಿಳಿಯುವುದು ಬೇರೆ, ಕ್ಷಮಿಸುವುದು ಬೇರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ನಡೆಸಿ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಧಿಕಾರವಾಣಿಯಿಂದ ಆದೇಶಿಸಿದಾಗ 40 ಮಂದಿಯಲ್ಲಿ 26 ಮಂದಿ ಪಕ್ಕದ ಕೋಣೆಯ ವ್ಯಕ್ತಿಗೆ ಹಂತಹಂತವಾಗಿ ಹೆಚ್ಚುವ ವಿದ್ಯುತ್ ಆಘಾತ ಕೊಡುತ್ತ 450 ವೋಲ್ಟ್‌ನ ಕೊನೆಯ ಗುಂಡಿಯವರೆಗೂ ಹೋದರು. ಆಘಾತ ನಿಜವಲ್ಲ ಎಂಬುದನ್ನು ಅವರಿಗೆ ತಿಳಿಸಿರಲಿಲ್ಲ. ಆದರೆ ಅದೇ ಆದೇಶದ ಮುಂದೆ 14 ಮಂದಿ ಕೊನೆಯವರೆಗೆ ಹೋಗದೆ ನಿಂತರು ಎಂಬುದೂ ಸತ್ಯ. ಮುಂದಿನ ಒಂದು ಸುತ್ತಿನಲ್ಲಿ ಜೊತೆಗಿದ್ದ ಇಬ್ಬರು ಒಪ್ಪದೆ ಎದ್ದಾಗ, 40ರಲ್ಲಿ ಕೊನೆಯವರೆಗೆ ಹೋದವರು ನಾಲ್ವರಷ್ಟೇ. ಹಾಗಾಗಿ ಗುಂಡಿ ಒತ್ತಿದವನನ್ನು ವಿಚಾರಿಸುವವರು ಆದೇಶ ಕೊಟ್ಟವರನ್ನೂ, ಪಕ್ಕದಲ್ಲಿದ್ದು ಸುಮ್ಮನೆ ನೋಡಿದವರನ್ನೂ, ಬೇಡವೆನ್ನಲು ಅಲ್ಲಿ ಅವಕಾಶವೇ ಇಲ್ಲದಂತೆ ನಿಯಮ ಮಾಡಿದವರನ್ನೂ ವಿಚಾರಿಸಬೇಕು. ಒಬ್ಬನಿಗೆ ಶಿಕ್ಷೆ ಕೊಟ್ಟು ಉಳಿದದ್ದನ್ನು ಇದ್ದ ಹಾಗೆಯೇ ಬಿಟ್ಟರೆ, ಆ ಕುರ್ಚಿಗೆ ಬರುವ ಮುಂದಿನವನಿಗೂ ಅದೇ ಆದೇಶ ಹೋಗುತ್ತದೆ.