ಲೋಯರ್ ಆರ್ಮ್ ಬುಷ್ ಬೇಗ ಹರಿಯೋದಕ್ಕೆ ಕಾರಣ

ಸರ್, ನಿಮ್ಮ ಹಳೇ ಮಾರುತಿ 800ಗೆ ನೀವೇ ಹಾಕಿದ ಲೋಯರ್ ಆರ್ಮ್ ಬುಷ್ (ಚಕ್ರವನ್ನ ಗಾಡಿಗೆ ಜೋಡಿಸೋ ಕೆಳಗಿನ ತೋಳಿನ ಬುಡದಲ್ಲಿರೋ ರಬ್ಬರ್ ಬಳೆ) ಎರಡೇ ತಿಂಗಳಿಗೆ ಹರಿದಿದೆ, ಡೂಪ್ಲಿಕೇಟ್ ಮಾಲಾ ಅಂತ ಕೇಳಿದ್ದೀರಿ. ಇರಬಹುದು. ಆದ್ರೆ ಮೊದಲು ಹೇಳಿ, ಬೋಲ್ಟ್ ಬಿಗಿ ಮಾಡುವಾಗ ಚಕ್ರ ಗಾಳಿಯಲ್ಲಿ ನೇತಾಡ್ತಿತ್ತಾ? ನಾನು ಹಾಗೆ ಮಾಡಿಯೇ ಒಂದು ಜೊತೆ ಬುಷ್ ಹಾಳು ಮಾಡ್ಕೊಂಡೆ. ಇಡೀ ಭಾನುವಾರದ ಕೆಲಸ ನೀರುಪಾಲಾದಾಗ ಆಗೋ ಸಂಕಟ ನನಗೆ ಗೊತ್ತು.

ಬುಷ್ ಒಳಗಿನ ಕಬ್ಬಿಣದ ಕೊಳವೆ ಬೋಲ್ಟಿನ ಬಿಗಿತಕ್ಕೆ ಕಚ್ಚಿಕೊಂಡು ನಿಂತುಬಿಡುತ್ತೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ತಿರುಚಿಕೊಳ್ಳೋದು ರಬ್ಬರ್ ಮಾತ್ರ. ನೇತಾಡುವಾಗಲೇ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ಹಿಂಡಿದ ಬಟ್ಟೆ ಹಾಗೆ ತಿರುಚಿಯೇ ಇರುತ್ತೆ. ಪ್ರತಿ ಹಂಪ್‌ಗೂ ಇನ್ನಷ್ಟು ಹರಿಯುತ್ತೆ.

ಈ ಸಲ ಬೋಲ್ಟನ್ನ ಕೈಬಿಗಿ ಮಾತ್ರ ಮಾಡಿ, ಚಕ್ರ ಹಾಕಿ ಇಳಿಸಿ, ಮುಂಭಾಗ ನಾಲ್ಕು ಸಲ ಒತ್ತಿ ಕುಲುಕಿ. ಆಮೇಲೆ ಪೂರ್ತಿ ಬಿಗಿ ಮಾಡಿ. ಪಾನಾ ಆಡೋಕೆ ಜಾಗ ಸಾಲದಿದ್ದರೆ ಮುಂದಿನ ಎರಡೂ ಚಕ್ರ ರ‍್ಯಾಂಪ್ ಮೇಲೆ ಹತ್ತಿಸಿ. ಬರೀ ಜಾಕಿ ನಂಬಿ ದಯವಿಟ್ಟು ಗಾಡಿ ಅಡಿ ಹೋಗಬೇಡಿ. ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ಕೆಲಸ ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ತೋರಿಸಿ.