ಏನೂ ಅಂದಿಲ್ಲ ಅಂದ್ರೆ ಆಯ್ತಾ?

ಅಡಿಕೆ ಸುಲಿಯೋ ಸೀಸನ್ ಬಂತು ಅಂದ್ರೆ, ಗುಂಪಲ್ಲಿ ಒಬ್ರ ಜೊತೆ ಮಾತು ಬಿಟ್ಟು ಹೊರಗಿಡೋ ಥರದ ಕೇಸು ಕೌನ್ಸೆಲಿಂಗ್‌ಗೆ ನನ್ನ ಹತ್ರ ಬರ್ತಾನೇ ಇರುತ್ತೆ, ಅದಕ್ಕೇ ಬರೀತಿದೀನಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದೀನಿ.

ತೀರ್ಥಹಳ್ಳಿ ಕಡೆ ಹೆಂಗಸು, ನಲವತ್ತು ದಾಟಿದೆ. ನಿದ್ದೆ ಇಲ್ಲ, ತಲೆನೋವು, ಡಾಕ್ಟ್ರು ಎಲ್ಲ ನಾರ್ಮಲ್ ಅಂದ್ರು, ಮಗಳು ಕರ್ಕೊಂಡು ಬಂದ್ಲು. ಮೊದಮೊದಲು ಬರೀ ಗಂಡ, ಮನೆ, ಮಾಮೂಲು. ಆಮೇಲೆ ಹೆಂಗಸರ ಸಾಲದ ಸಂಘದ ವಿಷ್ಯ ಬಂತು. ಗುಂಪಿನಲ್ಲಿ ಒಬ್ಬಳು ಸಾಲದ ಕಂತು ಕಟ್ಟೋಕಾಗದೆ ನಿಲ್ಸಿದ್ಲು, ಒಬ್ರು ಕಟ್ಟದಿದ್ರೆ ಉಳಿದವ್ರು ಕೈಯಿಂದ ಹಾಕ್ಬೇಕಲ್ಲ, ಹಾಕಿದ್ರು. ಅವತ್ತಿಂದ ಸುಲಿಯೋಕೆ ಹೋಗೋ ಗಾಡಿಗೆ ಅವಳನ್ನ ಕರೆಯೋದೂ ನಿಂತ್ಹೋಯ್ತು. ಎಷ್ಟು ಡಬ್ಬ ಸುಲಿದ್ರೋ ಅಷ್ಟೇ ಕೂಲಿ, ಹೋಗ್ಲಿಲ್ಲ ಅಂದ್ರೆ ಆ ದಿನದ ದುಡ್ಡಿಲ್ಲ, ಅಂದ್ರೆ ಕಂತು ಕಟ್ಟೋ ದಾರೀನೂ ಇವರೇ ಮುಚ್ಚಿದ ಹಾಗಾಯ್ತು ಮಾರಾಯ್ರೆ!

"ನಾವು ಅವಳಿಗೆ ಏನೂ ಅಂದಿಲ್ಲ ಮೇಡಂ, ದೇವ್ರಾಣೆ" ಅಂದ್ರು.

"ಹೌದು ಅಕ್ಕ, ಮಾತೇ ಆಡಿಲ್ಲ. ಯಾವಾಗಿಂದ?" ಅಂತ ಕೇಳ್ದೆ.

ತುಂಬ ಹೊತ್ತು ಸುಮ್ನಿದ್ರು. ಆಮೇಲೆ, "ಮೊನ್ನೆ ಬಸ್ ಸ್ಟಾಂಡಲ್ಲಿ ಎದುರಿಗೇ ಬಂದ್ಲು. ನಾನು ಚಪ್ಪಲಿ ಸರಿ ಮಾಡ್ಕೊಳ್ಳೋ ಹಂಗೆ ಬಗ್ಗಿದೆ. ಅವಳಿಗೆ ಗೊತ್ತಾಯ್ತು. ನನ್ನ ಬಾಣಂತನದಲ್ಲಿ ದಿನಾ ಬಂದು ನೀರು ಹಾಕಿದವಳು ಮೇಡಂ ಅವಳು" ಅಂದ್ರು. ಆವಾಗ ಅಳು ಬಂತು.

2003ರಲ್ಲಿ ಸೈನ್ಸ್ ಪತ್ರಿಕೇಲಿ ಒಂದು ಅಧ್ಯಯನ ಬಂದಿತ್ತು. ಕಂಪ್ಯೂಟರ್‌ನಲ್ಲಿ ಮೂರು ಜನ ಚೆಂಡು ಪಾಸ್ ಮಾಡೋ ಆಟ, ಸ್ವಲ್ಪ ಹೊತ್ತಾದ್ಮೇಲೆ ಒಬ್ರಿಗೆ ಚೆಂಡೇ ಕೊಡಲ್ಲ. ಬೈಗುಳ ಇಲ್ಲ, ಜಗಳ ಇಲ್ಲ. ಆದ್ರೂ ಮೈಗೆ ನೋವಾದಾಗ ಕೆಲಸ ಮಾಡೋ ಮಿದುಳಿನ ಒಂದು ಭಾಗ ಆಗ್ಲೂ ಚುರುಕಾಗಿತ್ತು. ಆಟಕ್ಕೇ ಹೀಗಾದ್ರೆ ಇಪ್ಪತ್ತು ಮನೆ ಇರೋ ಊರಲ್ಲಿ ಹೆಂಗಾಗ್ಬೇಡ.

ನಾನು ಹೇಳಿದ್ದು ಇಷ್ಟು. ಬಾಕಿ ಬಿಟ್ಬಿಡಿ ಅಂತ ನಾನು ಹೇಳಲ್ಲ, ನೀವೂ ಕೂಲಿ ಮಾಡೋರು, ಮೀಟಿಂಗಲ್ಲಿ ಕೂತು ಎಷ್ಟೆಷ್ಟು, ಯಾವಾಗ ಅಂತ ಮಾತಾಡಿ ವಸೂಲಿ ಮಾಡಿ. ಆದ್ರೆ ಮಾತು ಬಿಡೋದು ಅದರ ಬಡ್ಡಿ ಅಲ್ಲ. ಅವಳ ಮನೆಗೆ ಒಬ್ರೇ ಹೋಗಿ, ಗುಂಪು ಕಟ್ಕೊಂಡು ಹೋಗ್ಬೇಡಿ. ಯಾರು ಏನಂದ್ರು ಅನ್ನೋ ಚಾಡಿ ಬೇಡ. ಕ್ಷಮಿಸ್ದೆ ಅಂತ ಅವಳ ಬಾಯಲ್ಲಿ ಹೇಳಿಸೋಕೂ ಹೋಗ್ಬೇಡಿ, ಅದು ನಿಮ್ಮ ಹೊರೆ ಅವಳ ತಲೆಗೆ ಹಾಕಿದ ಹಾಗೆ. ಬಸ್ ಸ್ಟಾಂಡಲ್ಲಿ ನೋಡಿದ್ದೆ, ಮಾತಾಡಿಸ್ಲಿಲ್ಲ, ತಪ್ಪಾಯ್ತು ಅಷ್ಟೇ ಅನ್ನಿ, ನಾಳೆ ಗಾಡಿ ಎಷ್ಟೊತ್ತಿಗೆ ಅಂತ ಹೇಳಿ ಬನ್ನಿ.

ನಿದ್ದೆ ಇಲ್ಲ ಅಂತ ಬಂದೋರಿಗೆ ನೀತಿಪಾಠ ಯಾಕೆ ಅಂತ ಜೊತೆಯವ್ರೊಬ್ರು ಕೇಳಿದ್ರು. ಕೇಳ್ಲಿ. ಬರೀ ಉಸಿರಾಟದ ವ್ಯಾಯಾಮ ಹೇಳ್ಕೊಟ್ಟು ಕಳ್ಸಿದ್ರೆ ಇವ್ರು ಮತ್ತೆ ಅದೇ ಬಸ್ ಸ್ಟಾಂಡಲ್ಲಿ ಬಗ್ಗೋರು, ಹೊರಗಿಟ್ಟವರ ಎದೇಲೂ ಭಾರ ಇರುತ್ತೆ ಅನ್ನೋದು ನಾನು ಪದೇಪದೇ ನೋಡಿರೋದು.

ಹೋದ್ರು. ಅವಳು ಕೂತ್ಕೋ ಅಂತಾನೂ ಅನ್ಲಿಲ್ವಂತೆ, ಆದ್ರೆ ಮೂರನೇ ದಿನ ಗಾಡಿ ಹತ್ತಿದ್ಲಂತೆ. ಕಂತು ಇನ್ನೂ ಬಾಕಿ ಇದೆ. ಗುಂಪಿನ ಇಬ್ರು ಈಗ ಇವರ ಜೊತೆನೂ ಮಾತು ಬಿಟ್ಟಿದಾರೆ, ಅದಕ್ಕೇನು ಮಾಡೋದು ಅಂತ ಮುಂದಿನ ವಾರ ಬರ್ತಾರೆ.